ಫ್ರೆಂಚ್ ಡಿಗ್ರಿ ಮುಗಿಸೋಕೆ ಏನೇನು ಬೇಕು? ಓದುಗರು ಕೇಳಿದ್ದು, ನಾವು ಹೇಳಿದ್ದು

ಕಳೆದ ಸಂಚಿಕೇಲಿ ವಿದೇಶಿ ಭಾಷೆ ಓದೋರ ಬಗ್ಗೆ ಎರಡು ಸಾಲು ಬರೆದಿದ್ದೇ ತಡ, ಫ್ರೆಂಚ್ ಬಗ್ಗೆ ಪತ್ರದ ಮೇಲೆ ಪತ್ರ. ಜರ್ಮನ್, ಜಪಾನೀಸ್ ಕೇಳಿದೋರು ಬೇಜಾರು ಮಾಡ್ಕೋಬೇಡಿ, ನಿಮ್ಮದು ಇನ್ನೊಂದು ಸಲ. ಒಂದೇ ತರದ ಪ್ರಶ್ನೆಗಳನ್ನ ಸೇರಿಸಿ, ಹೆಸರು ಬಿಟ್ಟು ಊರು ಮಾತ್ರ ಹಾಕಿದೀವಿ. ಬಂದಿರೋ ಪತ್ರದಲ್ಲಿ ಮುಕ್ಕಾಲು ಪಾಲು ಗೊಂದಲ ಒಂದೇ: ಭಾಷೆಯ ಲೆವೆಲ್ ಬೇರೆ, ಡಿಗ್ರಿ ಬೇರೆ ಅನ್ನೋದು ಯಾರೂ ಬಿಡಿಸಿ ಹೇಳಿಲ್ಲ.

ಪ್ರಶ್ನೆ: ನಾನು ಸೆಕೆಂಡ್ ಪಿಯು ಕಾಮರ್ಸ್. ಫ್ರೆಂಚ್‌ನಲ್ಲಿ ಆನರ್ಸ್ ಮಾಡ್ಬೇಕು ಅಂತ ಆಸೆ, ಆದ್ರೆ ಒಂದಕ್ಷರ ಫ್ರೆಂಚ್ ಬರಲ್ಲ. ಸೀಟ್ ಸಿಗತ್ತಾ? ಡಿಗ್ರಿ ಪಾಸ್ ಆಗೋಕೆ ಏನೇನು ಮುಗಿಸ್ಬೇಕು? (ಧಾರವಾಡ)

ಉತ್ತರ: ಒಂದಕ್ಷರ ಬರದೇ ಇರೋದು ಅಡ್ಡಿ ಅಲ್ಲಮ್ಮ. ದೆಹಲಿಯ ಜೆಎನ್‌ಯು, ದೆಹಲಿ ವಿಶ್ವವಿದ್ಯಾಲಯ, ಹೈದರಾಬಾದಿನ ಇಫ್ಲು ಈ ಮೂರೂ ಕಡೆ ಬಿ.ಎ. ಆನರ್ಸ್ ಫ್ರೆಂಚ್ ಇದೆ, ಸೊನ್ನೆಯಿಂದಾನೇ ಶುರು ಮಾಡೋರನ್ನ ತಗೋತಾರೆ. ಇಫ್ಲು ಅಂದ್ರೆ 1958ರಲ್ಲಿ ಇಂಗ್ಲಿಷ್ ಟೀಚರ್‌ಗಳಿಗೆ ಅಂತ ಶುರುವಾದ ಸಂಸ್ಥೆ, ಆಮೇಲೆ ವಿದೇಶಿ ಭಾಷೆಗಳು ಸೇರಿದ್ವು, 2007ರಲ್ಲಿ ಕೇಂದ್ರೀಯ ವಿ.ವಿ. ಆಯ್ತು. ಜೆಎನ್‌ಯು ಮತ್ತು ದೆಹಲಿ ವಿ.ವಿ.ಗೆ ಸಿಯುಇಟಿ ಅನ್ನೋ ಕೇಂದ್ರೀಯ ವಿ.ವಿ.ಗಳ ಪ್ರವೇಶ ಪರೀಕ್ಷೆ ಬರೀಬೇಕು, ಆ ಪರೀಕ್ಷೇಲಿ ಫ್ರೆಂಚ್ ಕೇಳ್ತಾರೆ ಅಂತ ಹೆದರ್ಕೊಂಡು ಈಗಲೇ ಕ್ಲಾಸಿಗೆ ಸೇರೋ ಅವಸರ ಬೇಡ, ಯಾವ ಪೇಪರ್ ಕಾಂಬಿನೇಶನ್ ಬರೀಬೇಕು ಅನ್ನೋದನ್ನ ಆಯಾ ವರ್ಷದ ಬುಲೆಟಿನ್‌ನಲ್ಲಿ ಮೊದಲು ನೋಡ್ಕೊಳ್ಳಿ, ಎಷ್ಟೋ ಮಕ್ಕಳು ಮಾರ್ಕ್ಸ್ ಇದ್ದೂ ತಪ್ಪು ಪೇಪರ್ ಆರಿಸ್ಕೊಂಡು ಸೀಟ್ ಕಳ್ಕೋತಾರೆ.

ಇನ್ನು ಮುಗಿಸೋ ಲೆಕ್ಕ. ಒಂದೊಂದು ಪೇಪರ್‌ಗೂ ಇಷ್ಟು ಕ್ರೆಡಿಟ್ ಅಂತ ತೂಕ ಇರತ್ತೆ, ಪಾಸಾದ್ರೆ ಅದು ನಿಮ್ಮ ಲೆಕ್ಕಕ್ಕೆ ಸೇರತ್ತೆ. ಯುಜಿಸಿ 2022ರ ಡಿಸೆಂಬರ್‌ನಲ್ಲಿ ತಂದ ಚೌಕಟ್ಟಿನ ಪ್ರಕಾರ 3 ವರ್ಷದ ಡಿಗ್ರಿಗೆ ಕನಿಷ್ಠ 120 ಕ್ರೆಡಿಟ್, 4 ವರ್ಷದ ಆನರ್ಸ್‌ಗೆ 160. ಅದರಲ್ಲಿ ಮೇಜರ್, ಅಂದ್ರೆ ನಿಮಗೆ ಫ್ರೆಂಚ್, 3 ವರ್ಷಕ್ಕೆ 60, 4 ವರ್ಷಕ್ಕೆ 80 ಇರ್ಲೇಬೇಕು. ಅರ್ಥ ಏನು ಗೊತ್ತಾ, ಡಿಗ್ರಿಯ ಅರ್ಧ ಭಾಗ ಮಾತ್ರ ಫ್ರೆಂಚ್. ಉಳಿದ ಅರ್ಧದಲ್ಲಿ ಮೈನರ್ ಸಬ್ಜೆಕ್ಟ್ ಬರತ್ತೆ, ಬೇರೆ ವಿಭಾಗದ ಪೇಪರ್ ಬರತ್ತೆ, ಸ್ಕಿಲ್ ಕೋರ್ಸ್, ಪರಿಸರ, ಇಂಟರ್ನ್‌ಶಿಪ್ ಎಲ್ಲಾ ಬರತ್ತೆ. ಯುಜಿಸಿ ಹೇಳಿದ್ದು ಕನಿಷ್ಠ ಅಷ್ಟೇ, ವಿ.ವಿ.ಗಳು ಜಾಸ್ತಿ ಇಡಬಹುದು, ದೆಹಲಿ ವಿ.ವಿ.ಲಿ ಸೆಮಿಸ್ಟರ್‌ಗೆ 22 ಕ್ರೆಡಿಟ್‌ನಂತೆ 4 ವರ್ಷಕ್ಕೆ 176 ಆಗತ್ತೆ. ನಾಲ್ಕನೇ ವರ್ಷ ರಿಸರ್ಚ್ ಬೇಕು ಅಂದೋರಿಗೆ 12 ಕ್ರೆಡಿಟ್‌ನ ಪ್ರಬಂಧ.

ಫ್ರೆಂಚ್‌ನಲ್ಲಿ ಪಾಸಾಗಿ ಮಿಕ್ಕಿದ್ರಲ್ಲಿ ಬ್ಯಾಕ್‌ಲಾಗ್ ಇಟ್ಕೊಂಡು ಕೊನೇ ಸೆಮಿಸ್ಟರ್‌ನಲ್ಲಿ ಕಣ್ಣೀರು ಹಾಕೋರು ತುಂಬಾ ಇದಾರೆ, ಅದೂ ಪರಿಸರ ಪೇಪರ್‌ಗೆ. ಮೊದಲ ವರ್ಷದ ಸಣ್ಣ ಪೇಪರ್‌ಗಳನ್ನ ಮೊದಲ ವರ್ಷದಲ್ಲೇ ಮುಗಿಸ್ಬಿಡಿ.

ಇನ್ನೊಂದು ಮಾತು. ಸೊನ್ನೆಯಿಂದ ಶುರು ಅಂದ್ರೆ ನಿಧಾನಕ್ಕೆ ಹೋಗ್ತಾರೆ ಅಂತ ಅಲ್ಲ. ಮೊದಲ ಎರಡು ಸೆಮಿಸ್ಟರ್ ದಿನಾ ಭಾಷೆ, ಕೇಳೋದು ಮಾತಾಡೋದು ಓದೋದು ಬರೆಯೋದು, ಮೂರನೇ ಸೆಮಿಸ್ಟರ್ ಹೊತ್ತಿಗೆ ಕಥೆ ಕವಿತೆ ತಂದು ಮುಂದೆ ಇಡ್ತಾರೆ, ಮೇಷ್ಟ್ರು ಪಾಠ ಮಾಡೋದೂ ಫ್ರೆಂಚ್‌ನಲ್ಲೇ ಆಗಿರತ್ತೆ. ಸ್ಕೂಲಲ್ಲಿ ಆರು ವರ್ಷ ಫ್ರೆಂಚ್ ಓದಿ ಬಂದೋರು ಮೊದಲ ಸೆಮಿಸ್ಟರ್ ಆರಾಮಾಗಿ ಕೂತಿರ್ತಾರೆ, ಸೊನ್ನೆಯಿಂದ ಬಂದೋರು ಒದ್ದಾಡ್ತಾರೆ, ಎರಡನೇ ವರ್ಷದ ಕೊನೆಗೆ ಬಹಳ ಸಲ ಇದು ಉಲ್ಟಾ ಆಗಿರತ್ತೆ. ಆ ಎರಡು ವರ್ಷ ರಜೇಲೂ ಭಾಷೆ ಬಿಡದೇ ಇರೋರೇ ಮುಂದೆ ಹೋಗೋದು.

ಪ್ರಶ್ನೆ: ಬೆಂಗಳೂರಲ್ಲಿ ಬಿ.ಕಾಂ. ಓದ್ತಿದೀನಿ, ಲ್ಯಾಂಗ್ವೇಜ್ ಆಗಿ ಫ್ರೆಂಚ್ ತಗೊಂಡಿದೀನಿ, ಪಿಯುಲೂ ಅದೇ ಇತ್ತು, 96 ಬಂದಿತ್ತು. ಇದನ್ನ ಇಟ್ಕೊಂಡು ಎಂ.ಎ. ಫ್ರೆಂಚ್‌ಗೆ ಹೋಗಬಹುದಾ? (ಬೆಂಗಳೂರು)

ಉತ್ತರ: 96ಕ್ಕೆ ಅಭಿನಂದನೆ, ಆದ್ರೆ ಅಷ್ಟರಿಂದಾನೇ ಎಂ.ಎ. ಬಾಗಿಲು ತೆಗೆಯಲ್ಲ. ನಮ್ಮ ರಾಜ್ಯದ ಬಹುಪಾಲು ಕಾಲೇಜಲ್ಲಿ ಫ್ರೆಂಚ್ ಇರೋದು ಕನ್ನಡ, ಹಿಂದಿ, ಸಂಸ್ಕೃತ ಇದ್ದಂಗೆ ಒಂದು ಭಾಷಾ ಪೇಪರ್ ಆಗಿ, ಕೆಲವು ಸೆಮಿಸ್ಟರ್ ಇದ್ದು ಮುಗಿದು ಹೋಗತ್ತೆ. ಪಿಯುಲಿ ಮಾರ್ಕ್ಸ್ ಜಾಸ್ತಿ ಬರತ್ತೆ ಅಂತ ತಗೊಂಡೋರೇ ಹೆಚ್ಚು, ಇದನ್ನ ಹೇಳಿದ್ರೆ ಕೆಲವರಿಗೆ ಸಿಟ್ಟು ಬರತ್ತೆ, ಬರ್ಲಿ. ಆ ಪಠ್ಯ ಚೆನ್ನಾಗಿ ಓದಿದೋರೂ ಬಹುಮಟ್ಟಿಗೆ ಎ2 ಆಸುಪಾಸಲ್ಲಿ ಇರ್ತಾರೆ (ಭಾಷೆಯ ಲೆವೆಲ್ ಎ1, ಎ2, ಬಿ1, ಬಿ2, ಸಿ1, ಸಿ2 ಅಂತ ಕೆಳಗಿಂದ ಮೇಲೆ ಹೋಗತ್ತೆ). ಎಂ.ಎ. ಕ್ಲಾಸಲ್ಲಿ ಕೂತು ಪಾಠ ಅರ್ಥ ಆಗೋಕೆ ಬಿ2 ಇಲ್ಲದೇ ಆಗಲ್ಲ.

ಬಹಳಷ್ಟು ವಿ.ವಿ.ಗಳು ಎಂ.ಎ.ಗೆ ಕೇಳೋದು ಎರಡರಲ್ಲಿ ಒಂದು. ಫ್ರೆಂಚ್ ಮೇಜರ್ ಇರೋ ಬಿ.ಎ., ಇಲ್ಲಾ ಯಾವುದಾದ್ರೂ ಡಿಗ್ರಿ ಜೊತೆ ವಿ.ವಿ.ಯ ಡಿಪ್ಲೊಮಾ, ಅಡ್ವಾನ್ಸ್ಡ್ ಡಿಪ್ಲೊಮಾ ಅಥವಾ ಡೆಲ್ಫ್ ಅನ್ನೋ ಫ್ರೆಂಚ್ ಭಾಷಾ ಪರೀಕ್ಷೇಲಿ ಬಿ2. ಈ ಎರಡನೇ ದಾರಿ ನಿಮಗೆ ಇದೆ. ಬಿ.ಕಾಂ. ಬಿಡಬೇಡಿ, ಸಂಜೆ ಕ್ಲಾಸ್ ಹಿಡೀರಿ, ವಸಂತನಗರದಲ್ಲಿ ಫ್ರೆಂಚ್ ಕಲಿಸೋ ಅಲಿಯಾನ್ಸ್ ಫ್ರಾನ್ಸೆಜ್ ಇದೆ, ಪಾರ್ಟ್ ಟೈಮ್ ಡಿಪ್ಲೊಮಾ ನಡೆಸೋ ವಿ.ವಿ. ವಿಭಾಗಗಳಿವೆ, ಡಿಗ್ರಿ ಮುಗಿಯೋ ಹೊತ್ತಿಗೆ ಬಿ2 ಕೈಲಿದ್ರೆ ಪುದುಚೇರಿ ವಿ.ವಿ., ಮದ್ರಾಸ್ ವಿ.ವಿ. ತರದ ಕಡೆ ಎಂ.ಎ.ಗೆ ಅರ್ಜಿ ಹಾಕೋ ಧೈರ್ಯ ಬರತ್ತೆ. ಬೆಂಗಳೂರಲ್ಲೂ ವಿದೇಶಿ ಭಾಷೆಗಳ ವಿಭಾಗ ಇದೆ, ನಿಮ್ಮ ವರ್ಷ ಎಂ.ಎ. ಅಡ್ಮಿಷನ್ ನಡೀತಿದ್ಯಾ ಅಂತ ಫೋನ್ ಮಾಡೋ ಬದಲು ನೇರವಾಗಿ ಹೋಗಿ ಕೇಳಿ, ಆಫೀಸಿನ ಫೋನ್ ಎತ್ತೋದು ಅದೃಷ್ಟ ಇದ್ದೋರಿಗೆ.

ಇನ್ನೊಂದು ವಿಷಯ ಕಾಲೇಜಿನ ನಿಮ್ಮ ಸೀನಿಯರ್‌ಗಳಿಗೂ ಜೂನಿಯರ್‌ಗಳಿಗೂ ಬೇರೆ ಬೇರೆ ಆಗಿರೋದ್ರಿಂದ ಹೇಳ್ತೀನಿ. ಕರ್ನಾಟಕದಲ್ಲಿ 2021ರಲ್ಲಿ ಎನ್‌ಇಪಿ ಅಂತ 4 ವರ್ಷದ ಆನರ್ಸ್ ಬಂತು, 2024-25ರಿಂದ ಸರ್ಕಾರ ಮತ್ತೆ 3 ವರ್ಷದ ಡಿಗ್ರಿಗೆ ಬಂದಿದೆ. ಹಂಗಾಗಿ ಸೀನಿಯರ್ ಕೊಟ್ಟ ಕ್ರೆಡಿಟ್ ಪಟ್ಟಿ ನಿಮಗೆ ಹೊಂದಲ್ಲ. ನೀವು ಸೇರಿದ ವರ್ಷದ ರೆಗ್ಯುಲೇಶನ್ ಯಾವುದೋ ಅದೇ ನಿಮ್ಮದು.

ಪ್ರಶ್ನೆ: ಮಗ ಡೆಲ್ಫ್ ಬಿ2 ಪಾಸ್ ಮಾಡಿದಾನೆ. ಅದು ಫ್ರಾನ್ಸ್ ಸರ್ಕಾರದ ಸರ್ಟಿಫಿಕೇಟ್ ಅಂತೆ. ಹಂಗಾದ್ರೆ ಅದು ಡಿಗ್ರಿಗೆ ಸಮ ಅಲ್ವಾ? (ತುಮಕೂರು)

ಉತ್ತರ: ಅಲ್ಲ. ಫ್ರಾನ್ಸಿನ ಶಿಕ್ಷಣ ಇಲಾಖೆ ಹೆಸರಲ್ಲೇ ಕೊಡೋದು ನಿಜ, ಒಂದ್ಸಲ ಪಾಸಾದ್ರೆ ಜೀವನಪೂರ್ತಿ ನಡಿಯತ್ತೆ ಅನ್ನೋದೂ ನಿಜ. ಆದ್ರೆ ಅದು ಹೇಳೋದು ಇಷ್ಟೇ, ಈ ಹುಡುಗ ಈ ಮಟ್ಟಕ್ಕೆ ಫ್ರೆಂಚ್ ಬಳಸಬಲ್ಲ ಅಂತ. ಕೇಳಿ ಅರ್ಥ ಮಾಡ್ಕೊಳ್ಳೋದು, ಓದಿ ಅರ್ಥ ಮಾಡ್ಕೊಳ್ಳೋದು, ಬರೆಯೋದು, ಮಾತಾಡೋದು, ನಾಲ್ಕಕ್ಕೂ 25ರಂತೆ 100 ಮಾರ್ಕ್ಸ್, 50 ಬಂದ್ರೆ ಪಾಸ್, ಆದ್ರೆ ಯಾವ ಒಂದರಲ್ಲೂ 5ಕ್ಕಿಂತ ಕಡಿಮೆ ಬರಬಾರದು. ಸಾಹಿತ್ಯ ಇಲ್ಲ, ಇತಿಹಾಸ ಇಲ್ಲ, ಭಾಷಾಶಾಸ್ತ್ರ ಇಲ್ಲ. ಕೆಲಸಕ್ಕೆ ಅರ್ಜಿ ಹಾಕುವಾಗ ಡಿಗ್ರಿ ಅಂತ ಇರೋ ಕಾಲಂನಲ್ಲಿ ಇದನ್ನ ಬರೀಬಾರದು.

ಹಂಗಂತ ಕಡಿಮೆ ಅಂತಾನೂ ಅಲ್ಲ ಸಾರ್. ಬೆಂಗಳೂರಿನ ಕಂಪನಿಗಳಲ್ಲಿ ಫ್ರೆಂಚ್ ಬರೋರು ಬೇಕು ಅಂತ ಕರೆಯುವಾಗ ಎಂ.ಎ. ಇದ್ಯಾ ಅಂತ ಕೇಳೋದಕ್ಕಿಂತ ಬಿ2 ಇದ್ಯಾ ಅಂತ ಕೇಳೋದೇ ಜಾಸ್ತಿ.

ಪ್ರಶ್ನೆ: ಫ್ರಾನ್ಸಿಗೇ ಹೋಗಿ ಅಲ್ಲಿನ ಯೂನಿವರ್ಸಿಟೀಲಿ ಫ್ರೆಂಚ್ ಡಿಗ್ರಿ ಮಾಡ್ಬೇಕು ಅಂದ್ರೆ ಏನು ಬೇಕು, ಅಲ್ಲಿ ಪಾಸ್ ಆಗೋದು ಹೆಂಗೆ? ಏಜೆಂಟ್ ಒಬ್ರು ಒಂದು ವರ್ಷದ ಕೋರ್ಸಿಗೆ ಸೇರಿಸ್ತೀನಿ, ಡಿಗ್ರಿ ಬರತ್ತೆ ಅಂತಿದಾರೆ. (ಮಂಗಳೂರು)

ಉತ್ತರ: ಮೊದಲು ಏಜೆಂಟ್ ವಿಷಯ ಮುಗಿಸೋಣ. ಒಂದು ವರ್ಷದಲ್ಲಿ ಅಲ್ಲಿ ಡಿಗ್ರಿ ಬರಲ್ಲ. ಅವರು ಹೇಳ್ತಿರೋದು ಬಹುಶಃ ಡಿ.ಯು.ಇ.ಎಫ್. ಅಂತ, ವಿ.ವಿ.ಗಳ ಭಾಷಾ ಕೇಂದ್ರದಲ್ಲಿ ವಿದೇಶಿಯರಿಗೆ ಫ್ರೆಂಚ್ ಕಲಿಸಿ ಕೊಡೋ ವಿ.ವಿ. ಡಿಪ್ಲೊಮಾ. ಒಳ್ಳೇ ಕೋರ್ಸೇ, ಭಾಷೆ ಗಟ್ಟಿ ಆಗತ್ತೆ, ಆದ್ರೆ ಅದು ರಾಷ್ಟ್ರೀಯ ಡಿಗ್ರಿ ಅಲ್ಲ. ಕೊಡೋ ಪತ್ರದ ಮೇಲೆ ಯೂನಿವರ್ಸಿಟಿ ಹೆಸರು, ಸೀಲು ಎಲ್ಲಾ ಇರೋದ್ರಿಂದ ಊರಿಗೆ ಬಂದು ತೋರಿಸಿದ್ರೆ ಯಾರಿಗೂ ಗೊತ್ತಾಗಲ್ಲ, ಎಂ.ಎ.ಗೆ ಅರ್ಜಿ ಹಾಕಿದಾಗ ಗೊತ್ತಾಗತ್ತೆ.

ಅಲ್ಲಿನ ಡಿಗ್ರಿ ಹೆಸರು ಲಿಸಾನ್ಸ್. 3 ವರ್ಷ, 6 ಸೆಮಿಸ್ಟರ್, ಒಟ್ಟು 180 ಇ.ಸಿ.ಟಿ.ಎಸ್. ಕ್ರೆಡಿಟ್, ಅಂದ್ರೆ ಸೆಮಿಸ್ಟರ್‌ಗೆ 30. ಅದರ ಮೇಲೆ ಮಾಸ್ಟರ್ 2 ವರ್ಷ, 120 ಕ್ರೆಡಿಟ್. ಯೂರೋಪಿನ ಈ ಕ್ರೆಡಿಟ್ ನಮ್ಮ ಕ್ರೆಡಿಟ್ ಅಲ್ಲ, ಒಂದು ಕ್ರೆಡಿಟ್ಟಿಗೆ ಕ್ಲಾಸು, ಮನೇಲಿ ಓದೋದು, ಪರೀಕ್ಷೆ ಎಲ್ಲಾ ಸೇರಿ 25ರಿಂದ 30 ಗಂಟೆ ಕೆಲಸ ಅಂತ ಲೆಕ್ಕ. ಹಂಗಾಗಿ 180ನ ನಮ್ಮ 120ರ ಪಕ್ಕ ಇಟ್ಟು ಜಾಸ್ತಿ ಕಮ್ಮಿ ಅನ್ನೋದ್ರಲ್ಲಿ ಅರ್ಥ ಇಲ್ಲ.

ಫ್ರೆಂಚ್ ಡಿಗ್ರಿ ಅಂತ ಒಂದೇ ಇಲ್ಲ ಅಲ್ಲಿ, ಯೋಚನೆ ಮಾಡಿದ್ರೆ ಸಹಜಾನೇ, ನಮ್ಮಲ್ಲಿ ಕನ್ನಡ ಎಂ.ಎ. ಮಾಡೋರಿಗೆ ಯಾರೂ ಕನ್ನಡ ಮಾತಾಡೋದು ಕಲಿಸಲ್ವಲ್ಲ. ಸಾಹಿತ್ಯ ಬೇಕು ಅಂದ್ರೆ ಲೆತ್ರ್ ಮೊಡೆರ್ನ್. ಭಾಷಾಶಾಸ್ತ್ರ ಬೇಕು ಅಂದ್ರೆ ಸಿಯಾಂಸ್ ದ್ಯು ಲಾಂಗಾಜ್. ವಿದೇಶಿಯರಿಗೆ ಫ್ರೆಂಚ್ ಕಲಿಸೋ ಕೆಲಸ ಬೇಕು ಅಂದ್ರೆ ಇವುಗಳ ಒಳಗೇ ಎಫ್.ಎಲ್.ಇ. ಅಂತ ಒಂದು ಕವಲು ಇರತ್ತೆ, ಮುಂದೆ ಅದರಲ್ಲೇ ಮಾಸ್ಟರ್ ಮಾಡಬಹುದು. ಟೀಚರ್ ಆಗ್ಬೇಕು ಅನ್ನೋ ನಮ್ಮ ಹುಡುಗ ಹುಡುಗೀರಿಗೆ ನನ್ನ ಓಟು ಎಫ್.ಎಲ್.ಇ.ಗೆ. ಲೆತ್ರ್ ಮೊಡೆರ್ನ್‌ನಲ್ಲಿ ಫ್ರೆಂಚ್ ಮಕ್ಕಳ ಜೊತೆ ಸಮಸಮ ಕೂರಬೇಕು, ಬಹಳ ಕಡೆ ಲ್ಯಾಟಿನ್ ಇರತ್ತೆ, ಹಳೇ ಫ್ರೆಂಚ್ ಇರತ್ತೆ, ಹಳೇ ಫ್ರೆಂಚ್ ಅಂದ್ರೆ ಮಧ್ಯಯುಗದ ಪಠ್ಯ, ಈಗಿನ ಪ್ಯಾರಿಸ್‌ನೋರಿಗೇ ಸುಲಭಕ್ಕೆ ಅರ್ಥ ಆಗಲ್ಲ. ಬಿ2 ಇಟ್ಕೊಂಡು ಅಡ್ಮಿಷನ್ ಸಿಗತ್ತೆ, ಬಿ2 ಇಟ್ಕೊಂಡು ಆ ಪೇಪರ್‌ಗಳನ್ನ ದಾಟೋದು ಕಷ್ಟ.

ಪಾಸ್ ಆಗೋ ರೀತಿ ನಮ್ಮದಕ್ಕಿಂತ ಬೇರೆ. ಎಲ್ಲಾ ಮಾರ್ಕ್ಸ್ 20ಕ್ಕೆ. 10 ಬಂದ್ರೆ ಪಾಸ್. 12ಕ್ಕೆ ಅಸೆ ಬಿಯಾಂ, 14ಕ್ಕೆ ಬಿಯಾಂ, 16 ದಾಟಿದ್ರೆ ತ್ರೆ ಬಿಯಾಂ ಅಂತ ದರ್ಜೆ. ಸಾಹಿತ್ಯದ ಪೇಪರ್‌ನಲ್ಲಿ 16 ಕೊಡೋ ಮೇಷ್ಟ್ರು ಅಪರೂಪ, 20 ಅಂತೂ ಕೇಳ್ಲೇಬೇಡಿ. ಇಲ್ಲಿ 95 ಪರ್ಸೆಂಟ್ ತಗೊಂಡು ಹೋದೋರಿಗೆ ಮೊದಲ ಪೇಪರ್‌ನಲ್ಲಿ 9 ಬಂದಾಗ ಮನೆಗೆ ಫೋನ್ ಮಾಡಿ ಅಳೋ ಹಂಗಾಗತ್ತೆ, ಅಲ್ಲಿನ ಪಕ್ಕದ ಬೆಂಚಿನ ಹುಡುಗ 11 ಬಂತು ಅಂತ ಕುಣೀತಿರ್ತಾನೆ.

ಇಷ್ಟಾದ್ರೂ ಒಂದು ಸೌಕರ್ಯ ಇದೆ, ಕಾಂಪೆನ್ಸೇಶನ್. ಒಂದು ಪೇಪರ್‌ನಲ್ಲಿ 8 ಬಂದು, ಅಷ್ಟೇ ತೂಕದ ಇನ್ನೊಂದರಲ್ಲಿ 13 ಬಂದ್ರೆ ಸರಾಸರಿ 10 ದಾಟತ್ತೆ, ವಿ.ವಿ. ನಿಯಮದಲ್ಲಿ ಆ ಎರಡು ಪೇಪರ್ ಒಂದೇ ಗುಂಪಲ್ಲಿದ್ರೆ ಎರಡೂ ಪಾಸ್. ಯಾವ ಪೇಪರ್ ಯಾವ ಗುಂಪು, ಯಾವುದಕ್ಕೆ ಎಷ್ಟು ತೂಕ ಅನ್ನೋದು ವರ್ಷದ ಶುರುವಲ್ಲೇ ಕೊಡೋ ಪರೀಕ್ಷಾ ನಿಯಮದಲ್ಲಿ ಇರತ್ತೆ, ಅದನ್ನ ಓದಿ. ಅಷ್ಟಾದ್ರೂ ಆಗ್ಲಿಲ್ಲ ಅಂದ್ರೆ ಎರಡನೇ ಅವಕಾಶ, ರಾತ್ರಪಾಜ್ ಅಂತಾರೆ, ನಮ್ಮ ಸಪ್ಲಿಮೆಂಟರಿ.

ಆದ್ರೆ ಗೈರುಹಾಜರಿ ವಿಷಯದಲ್ಲಿ ಮಾತ್ರ ದಯೆ ಇಲ್ಲ. ದೊಡ್ಡ ಹಾಲ್‌ನಲ್ಲಿ ನಡೆಯೋ ಲೆಕ್ಚರ್‌ಗೆ ಸಾಮಾನ್ಯವಾಗಿ ಹಾಜರಿ ತಗೊಳಲ್ಲ, ಅದನ್ನ ನೋಡಿ ಆಹಾ ಎಂಥಾ ದೇಶ ಅನ್ಸತ್ತೆ. ಟಿ.ಡಿ. ಅಂತ ಸಣ್ಣ ಗುಂಪಿನ ಕ್ಲಾಸ್ ಇರತ್ತಲ್ಲ, ಅಲ್ಲಿ ಹಾಜರಿ ಕಡ್ಡಾಯ. ಕಾರಣ ಕೊಡದೇ ಪರೀಕ್ಷೆ ತಪ್ಪಿಸಿದ್ರೆ ದೆಫಾಯಾಂ ಅಂತ ಬರೀತಾರೆ, ಸೊನ್ನೆ ಬಂದಿದ್ರೂ ಸರಾಸರಿ ಲೆಕ್ಕ ಹಾಕಬಹುದಿತ್ತು, ದೆಫಾಯಾಂ ಆದ್ರೆ ಸರಾಸರೀನೇ ಹಾಕಲ್ಲ, ಉಳಿದದ್ರಲ್ಲಿ ಎಷ್ಟೇ ಚೆನ್ನಾಗಿ ಬಂದಿದ್ರೂ ಸೆಮಿಸ್ಟರ್ ನಿಂತು ಹೋಗತ್ತೆ. ಹುಷಾರಿಲ್ಲ ಅಂದ್ರೆ ಡಾಕ್ಟರ್ ಚೀಟಿ ಕೂಡಲೇ ಆಫೀಸಿಗೆ ಮುಟ್ಟಿಸಿ.

ದುಡ್ಡಿನ ಮಾತು. 2019ರಿಂದ ಯೂರೋಪ್ ಹೊರಗಿನೋರಿಗೆ ಸರ್ಕಾರಿ ವಿ.ವಿ. ಫೀಸ್ ಬೇರೆ ಮಾಡಿದ್ರು, ಲಿಸಾನ್ಸ್‌ಗೆ ವರ್ಷಕ್ಕೆ 2770 ಯೂರೋ, ಮಾಸ್ಟರ್‌ಗೆ 3770 ಅಂತ ಶುರುವಾಯ್ತು, ಆಮೇಲೆ ಸ್ವಲ್ಪ ಸ್ವಲ್ಪ ಏರ್ತಾ ಬಂದಿದೆ. ಸುಮಾರು ವಿ.ವಿ.ಗಳು ವಿದೇಶಿ ವಿದ್ಯಾರ್ಥಿಗಳಿಗೆ ವಿನಾಯಿತಿ ಕೊಟ್ಟು ಅಲ್ಲಿನ ಮಕ್ಕಳ ಕಡಿಮೆ ಫೀಸನ್ನೇ ತಗೊಂಡಿವೆ, ಅರ್ಜಿ ಹಾಕೋ ಮುಂಚೆ ಒಂದೊಂದು ವಿ.ವಿ.ಗೂ ಇದನ್ನ ಕೇಳಿ, ಮೂರು ವರ್ಷಕ್ಕೆ ಲಕ್ಷಗಟ್ಟಲೆ ವ್ಯತ್ಯಾಸ ಬರತ್ತೆ. ವೀಸಾಗೆ ತಿಂಗಳಿಗೆ 615 ಯೂರೋ ಖರ್ಚು ನಿಭಾಯಿಸ್ತೀವಿ ಅಂತ ತೋರಿಸೋದು ವಾಡಿಕೆ, ಪ್ಯಾರಿಸಲ್ಲಿ ಅಷ್ಟರಲ್ಲಿ ಬಾಡಿಗೇನೂ ಗಿಟ್ಟಲ್ಲ, ಸಣ್ಣ ಊರುಗಳನ್ನ ನೋಡಿ. ವಿದ್ಯಾರ್ಥಿ ವೀಸಾ ಮೇಲೆ ವರ್ಷಕ್ಕೆ 964 ಗಂಟೆ ಕೆಲಸ ಮಾಡಬಹುದು. ಅರ್ಜಿ ಹೋಗೋದು ಕ್ಯಾಂಪಸ್ ಫ್ರಾನ್ಸ್ ಅನ್ನೋ ಫ್ರಾನ್ಸ್ ಸರ್ಕಾರದ ಸಂಸ್ಥೆ ಮೂಲಕ, ಲಿಸಾನ್ಸ್ ಮೊದಲ ವರ್ಷಕ್ಕೆ ಸೇರೋರಿಗೆ ಡಿಎಪಿ ಅನ್ನೋ ಬೇರೆ ಪ್ರಕ್ರಿಯೆ, ಅದು ಹಿಂದಿನ ವರ್ಷದ ಅಕ್ಟೋಬರ್‌ನಲ್ಲೇ ಶುರುವಾಗಿ ಡಿಸೆಂಬರ್‌ನಲ್ಲಿ ಮುಚ್ಚತ್ತೆ. ಪಿಯು ರಿಸಲ್ಟ್ ಬಂದ ಮೇಲೆ ನೋಡೋಣ ಅಂದೋರಿಗೆ ಒಂದು ವರ್ಷ ಹೋಯ್ತು ಅಂತಾನೇ ಲೆಕ್ಕ.

ಪ್ರಶ್ನೆ: ಬಿ.ಎ. ಫ್ರೆಂಚ್ ಎರಡನೇ ವರ್ಷ. ಮಾತಾಡೋದು ಆರಾಮಾಗಿ ಬರತ್ತೆ, ಸಿನಿಮಾ ಸಬ್‌ಟೈಟಲ್ ಇಲ್ದೇ ನೋಡ್ತೀನಿ. ಆದ್ರೂ ಸಾಹಿತ್ಯದ ಪೇಪರ್‌ನಲ್ಲಿ ಮಾರ್ಕ್ಸ್ ಬರ್ತಿಲ್ಲ, ಮೇಷ್ಟ್ರು ಕಥೆ ಹೇಳ್ಬೇಡ ಅಂತ ಕೆಂಪು ಇಂಕಲ್ಲಿ ಬರೀತಾರೆ. ಏನ್ ಮಾಡ್ಲಿ? (ಮೈಸೂರಿನವರು, ಓದ್ತಿರೋದು ಹೈದರಾಬಾದ್)

ಉತ್ತರ: ಮೇಷ್ಟ್ರು ಸರಿಯಾಗೇ ಹೇಳಿದಾರೆ. ನಾವು ಸ್ಕೂಲಿಂದ ಕಲಿತಿರೋ ಪ್ರಬಂಧ ಅಂದ್ರೆ ಪೀಠಿಕೆ, ಕಥಾಸಾರ, ಕವಿ ಪರಿಚಯ, ಉಪಸಂಹಾರ. ಫ್ರೆಂಚ್ ದಿಸೆರ್ತಾಸಿಯೊಂ ಅದಲ್ಲ, ಅದು ವಾದ. ಪ್ರಶ್ನೆಪತ್ರಿಕೇಲಿ ಕೊಟ್ಟಿರೋ ಹೇಳಿಕೆಯನ್ನ ತಗೊಂಡು ಅದರಲ್ಲಿ ಇರೋ ಪ್ರಶ್ನೆ ಏನು ಅಂತ ನೀವೇ ಹುಡುಕಿ ಪೀಠಿಕೇಲಿ ಇಡ್ಬೇಕು, ಆಮೇಲೆ ಯಾವ ಯಾವ ಹಂತದಲ್ಲಿ ಉತ್ತರಿಸ್ತೀನಿ ಅಂತ ಅಲ್ಲೇ ಹೇಳ್ಬೇಕು, ಹೇಳಿದ ಕ್ರಮದಲ್ಲೇ ಹೋಗ್ಬೇಕು. ಮೊದಲ ಭಾಗ ಹೌದು ಅನ್ನತ್ತೆ, ಎರಡನೇದು ಆದ್ರೆ ಅನ್ನತ್ತೆ, ಮೂರನೇದು ಆ ಜಗಳದಿಂದ ಮೇಲೆ ಬರತ್ತೆ. ಇದು ಒಂದೇ ನಮೂನೆ ಅಲ್ಲ, ಆದ್ರೆ ಎರಡನೇ ವರ್ಷಕ್ಕೆ ಇದು ಕೈಗೆ ಹತ್ತಿದ್ರೆ ಸಾಕು. ಪಠ್ಯದ ಸಾಲು ಕೋಟ್ ಮಾಡಿ ಸುಮ್ನೆ ಬಿಡ್ಬಾರದು, ಆ ಸಾಲಲ್ಲಿ ಯಾವ ಪದ, ಯಾವ ಕ್ರಿಯಾಪದದ ರೂಪ ನಿಮ್ಮ ವಾದಕ್ಕೆ ಸಾಕ್ಷಿ ಅಂತ ತೋರಿಸ್ಬೇಕು. ಪರೀಕ್ಷೆ ಹಾಲ್‌ನಲ್ಲಿ ಮೊದಲ ಅರ್ಧ ಮುಕ್ಕಾಲು ಗಂಟೆ ರಫ್ ಹಾಳೇಲಿ ಪ್ಲಾನ್ ಮಾಡೋರನ್ನ ನೋಡಿ ಟೈಮ್ ವೇಸ್ಟ್ ಅನ್ಕೋಬೇಡಿ, ಕೊನೇಲಿ ಗೆಲ್ಲೋದು ಅವರೇ.

ಮಾತಾಡೋದು ಬರೋರು ಬರವಣಿಗೇಲಿ ಎಡವೋದಕ್ಕೆ ಇನ್ನೊಂದು ಕಾರಣ, ಫ್ರೆಂಚ್‌ನಲ್ಲಿ ವ್ಯಾಕರಣದ ಅರ್ಧ ಭಾಗ ಕಿವಿಗೆ ಬೀಳಲ್ಲ. ಒಂದು ಉದಾಹರಣೆ. ನಾನು ಪತ್ರ ಬರೆದೆ ಅನ್ನುವಾಗ ಕ್ರಿಯಾರೂಪ ಎಕ್ರಿ, ಕೊನೇ ತಕಾರ ಬರವಣಿಗೇಲಿ ಇರತ್ತೆ, ಬಾಯಲ್ಲಿ ಬರಲ್ಲ. ಅದೇ ನಾನು ಬರೆದ ಪತ್ರಗಳು ಅಂತ ಪತ್ರ ಮುಂದೆ ಬಂದ್ರೆ, ಪತ್ರ ಅವರಲ್ಲಿ ಸ್ತ್ರೀಲಿಂಗ, ಜೊತೆಗೆ ಬಹುವಚನ, ಹಂಗಾಗಿ ಕ್ರಿಯಾರೂಪಕ್ಕೆ ಎರಡಕ್ಷರ ಸೇರತ್ತೆ, ಲೆ ಲೆತ್ರ್ ಕ ಜೆ ಎಕ್ರಿತ್. ಇಲ್ಲಿ ತಕಾರ ಕೇಳಿಸ್ತು, ಆದ್ರೆ ಬಹುವಚನದ ಅಕ್ಷರ ಈಗಲೂ ಕೇಳಿಸ್ಲಿಲ್ಲ. ಎಕ್ರಿ ಬದಲು ನೋಡಿದೆ, ಪ್ರೀತಿಸಿದೆ ಅನ್ನೋ ಕ್ರಿಯಾಪದ ಹಾಕಿದ್ರೆ ಏನೂ ಕೇಳಿಸಲ್ಲ, ಬರವಣಿಗೇಲಿ ಮಾತ್ರ ಬದಲಾಗಿರತ್ತೆ. ಕನ್ನಡದಲ್ಲಿ ಬರೆದ ಪತ್ರ, ಬರೆದ ಪತ್ರಗಳು, ಎರಡಕ್ಕೂ ಬರೆದ ಒಂದೇ, ಹಾಗಾಗಿ ನಮಗೆ ಹಿಂದೆ ತಿರುಗಿ ನೋಡೋ ಅಭ್ಯಾಸಾನೇ ಇಲ್ಲ. ಸಿನಿಮಾ ಎಷ್ಟು ನೋಡಿದ್ರೂ ಇದು ಬರಲ್ಲ. ಉಕ್ತಲೇಖನ ಬರೀರಿ, ದಿನಾ ಹತ್ತು ಸಾಲು, ಯಾರಾದ್ರೂ ಓದ್ಲಿ ಇಲ್ಲಾ ರೆಕಾರ್ಡಿಂಗ್ ಹಾಕ್ಕೊಳ್ಳಿ, ಆಮೇಲೆ ಮೂಲದ ಜೊತೆ ತಾಳೆ ನೋಡಿ. ಫ್ರೆಂಚ್ ಮಕ್ಕಳೂ ಹಂಗೇ ಕಲಿಯೋದು.

ಇನ್ನು ಕಾದಂಬರಿಗಳಲ್ಲಿ ಬರೋ ಪಾಸೆ ಸೆಂಪ್ಲ್ ಅನ್ನೋ ಭೂತಕಾಲ ನೀವು ಸಿನಿಮಾದಲ್ಲಿ ಕೇಳಿರಲ್ಲ, ಈಗ ಅದನ್ನ ಯಾರೂ ಮಾತಲ್ಲಿ ಬಳಸಲ್ಲ. ಬಳಸೋಕೆ ಕಲೀಬೇಕಿಲ್ಲ, ಕಂಡ ಕೂಡ್ಲೇ ಗುರುತಿಸೋಕೆ ಕಲಿತ್ರೆ ಓದೋ ವೇಗ ಎರಡು ಪಟ್ಟಾಗತ್ತೆ.

ಪ್ರಶ್ನೆ: ಮಗಳು ಅಮೆರಿಕದಲ್ಲಿ ಕಾಲೇಜು ಮೂರನೇ ವರ್ಷ, ಕಂಪ್ಯೂಟರ್ ಸೈನ್ಸ್ ಜೊತೆ ಫ್ರೆಂಚ್ ಮೇಜರ್ ಕೂಡ ಮಾಡ್ತೀನಿ ಅಂತಾಳೆ. ಟೈಮಿಗೆ ಮುಗಿಯತ್ತಾ? (ನ್ಯೂಜೆರ್ಸಿ, ಮೂಲ ದಾವಣಗೆರೆ)

ಉತ್ತರ: ಲೆಕ್ಕ ಹಾಕಿ ನೋಡಿದ್ರೆ ಗೊತ್ತಾಗತ್ತೆ. ಅಲ್ಲಿ ಸಾಮಾನ್ಯವಾಗಿ ಬ್ಯಾಚುಲರ್ಸ್‌ಗೆ 120 ಕ್ರೆಡಿಟ್, ಫ್ರೆಂಚ್ ಮೇಜರ್‌ಗೆ ಸುಮಾರು 30ರಿಂದ 36. ಸಮಸ್ಯೆ ಏನಂದ್ರೆ ಬಹಳ ಕಾಲೇಜಲ್ಲಿ ಶುರುವಿನ ಭಾಷಾ ಕ್ಲಾಸುಗಳು ಮೇಜರ್ ಲೆಕ್ಕಕ್ಕೆ ಬರಲ್ಲ, ಇಂಟರ್ಮೀಡಿಯೆಟ್ ದಾಟಿದ ಮೇಲಿನವು ಮಾತ್ರ ಬರತ್ತೆ. ಹೈಸ್ಕೂಲಲ್ಲೇ ಎಪಿ ಫ್ರೆಂಚ್ ಅನ್ನೋ ಕಾಲೇಜು ಮಟ್ಟದ ಕೋರ್ಸ್ ಮಾಡಿ, ಯಾವ ಕ್ಲಾಸಿಗೆ ಸೇರಬೇಕು ಅಂತ ನಿರ್ಧರಿಸೋ ಪ್ಲೇಸ್‌ಮೆಂಟ್ ಪರೀಕ್ಷೇಲಿ ಮೇಲಿನ ಕ್ಲಾಸಿಗೆ ಹೋಗಿದ್ರೆ ಆರಾಮ. ಈಗ ಸೊನ್ನೆಯಿಂದ ಶುರು ಅಂದ್ರೆ ಮೈನರ್ ಮಾಡ್ಲಿ, ಜಗಳ ಬೇಡ.

ಮೂರು ಷರತ್ತು ಕೊನೇ ವರ್ಷದಲ್ಲಿ ಕಾಲಿಗೆ ತೊಡರತ್ತೆ. 1800ಕ್ಕಿಂತ ಮುಂಚಿನ ಸಾಹಿತ್ಯದ ಒಂದು ಕೋರ್ಸ್ ಎಷ್ಟೋ ವಿಭಾಗಗಳು ಕೇಳ್ತವೆ, ಅದು ಎಲ್ಲಾ ಸೆಮಿಸ್ಟರ್‌ನಲ್ಲೂ ಇರಲ್ಲ. ಕೊನೇ ವರ್ಷದ ಸೆಮಿನಾರ್ ಬೇರೆ ಕಾಲೇಜಿಂದ ತರೋಕಾಗಲ್ಲ. ಪ್ಯಾರಿಸಲ್ಲಿ ಒಂದು ಸೆಮಿಸ್ಟರ್ ಓದಿ ಬಂದ ಕ್ರೆಡಿಟ್ ಮೇಜರ್‌ಗೆ ಎಷ್ಟು ಸೇರಿಸ್ತಾರೆ ಅನ್ನೋದಕ್ಕೆ ಮಿತಿ ಇರತ್ತೆ, ಹೋಗೋ ಮುಂಚೆ ವಿಭಾಗದಿಂದ ಬರಹದಲ್ಲಿ ಒಪ್ಪಿಗೆ ತಗೊಳ್ಳಿ. ಅಡ್ವೈಸರ್ ಹತ್ರ ಡಿಗ್ರಿ ಆಡಿಟ್, ಅಂದ್ರೆ ಏನು ಮುಗಿದಿದೆ ಏನು ಬಾಕಿ ಅನ್ನೋ ಪಟ್ಟಿ, ತೆಗೆಸಿ ಕೂತ್ಕೊಂಡ್ರೆ ಅರ್ಧ ಗಂಟೆ ಕೆಲಸ.

ಪ್ರಶ್ನೆ: ನನಗೆ 34, ಐಟಿ. ಕೆನಡಾ ಪಿಆರ್‌ಗೆ ಫ್ರೆಂಚ್ ಇದ್ರೆ ಒಳ್ಳೇದು ಅಂತಾರೆ, ಅದಕ್ಕೆ ಡಿಸ್ಟೆನ್ಸ್‌ನಲ್ಲಿ ಬಿ.ಎ. ಫ್ರೆಂಚ್ ಮಾಡೋಣ ಅಂತಿದೀನಿ. (ಬೆಂಗಳೂರು)

ಉತ್ತರ: ದಯವಿಟ್ಟು ಬೇಡ. ಪಿಆರ್‌ಗೆ, ಅಂದ್ರೆ ಕಾಯಂ ವಾಸದ ಅನುಮತಿಗೆ, ಫ್ರೆಂಚ್ ತೋರಿಸೋಕೆ ಡಿಗ್ರಿ ಕೇಳಲ್ಲ, ಟೆಫ್ ಕೆನಡಾ ಅಥವಾ ಟಿಸಿಎಫ್ ಕೆನಡಾ ಪರೀಕ್ಷೆ ಕೇಳ್ತಾರೆ. ಡೆಲ್ಫ್ ಕೂಡ ಎಕ್ಸ್‌ಪ್ರೆಸ್ ಎಂಟ್ರಿಗೆ, ಅಂದ್ರೆ ಪಿಆರ್ ಅರ್ಜಿ ಆರಿಸೋ ಕೆನಡಾದ ವ್ಯವಸ್ಥೆಗೆ, ನಡೆಯಲ್ಲ, ಬಿ2 ಡೆಲ್ಫ್ ಇಟ್ಕೊಂಡು ನಿಶ್ಚಿಂತೆಯಿಂದ ಕೂತಿರೋರು ಇದನ್ನ ಗಮನಿಸಿ. 2023ರಿಂದ ಫ್ರೆಂಚ್ ಬರೋರಿಗೆ ಅಂತಾನೇ ಬೇರೆ ಡ್ರಾ, ಅಂದ್ರೆ ಬೇರೆ ಸುತ್ತಿನ ಆಯ್ಕೆ, ಶುರುವಾಗಿದೆ, ಅದಕ್ಕೆ ನಾಲ್ಕೂ ಕೌಶಲದಲ್ಲಿ ಕೆನಡಾದ ಫ್ರೆಂಚ್ ಅಳತೆಗೋಲು ಎನ್‌ಸಿಎಲ್‌ಸಿಯಲ್ಲಿ 7 ಬೇಕು, ಹೆಚ್ಚೂಕಮ್ಮಿ ಬಿ2 ಮಟ್ಟ. ಮೂರು ವರ್ಷ ಬಿ.ಎ.ಗೆ ಹಾಕೋ ಟೈಮಲ್ಲಿ ದಿನಾ ಎರಡು ಗಂಟೆ ಭಾಷೆಗೆ ಕೊಟ್ರೆ ಅದಕ್ಕಿಂತ ಬೇಗ ಆ ಮಟ್ಟ ಮುಟ್ತೀರ. ಟೆಫ್, ಟಿಸಿಎಫ್ ಅಂಕಗಳಿಗೆ ಎರಡು ವರ್ಷ ಮಾತ್ರ ಮಾನ್ಯತೆ, ಅದಕ್ಕೆ ಉಳಿದ ಕಾಗದ ಪತ್ರ ಸಿದ್ಧ ಮಾಡ್ಕೊಂಡು ಪರೀಕ್ಷೆ ಬರೀರಿ.

ಪ್ರಶ್ನೆ: ಫ್ರೆಂಚ್ ಡಿಗ್ರಿ ಮುಗಿಸಿ ಕಾಲೇಜ್ ಲೆಕ್ಚರರ್ ಆಗೋಕೆ ಮತ್ತೆ ಏನು ಬೇಕು? ಮನೇಲಿ ಅಪ್ಪ, ಇದನ್ನ ಓದಿ ಏನ್ ಮಾಡ್ತೀಯ ಅಂತ ದಿನಾ ಕೇಳ್ತಾರೆ. (ಶಿವಮೊಗ್ಗ)

ಉತ್ತರ: ಎಂ.ಎ. ಫ್ರೆಂಚ್‌ನಲ್ಲಿ 55 ಪರ್ಸೆಂಟ್, ಮೀಸಲಾತಿ ಇರೋರಿಗೆ 50, ಅದರ ಮೇಲೆ ಲೆಕ್ಚರರ್ ಅರ್ಹತಾ ಪರೀಕ್ಷೆ ಯುಜಿಸಿ ನೆಟ್. ನೆಟ್‌ನಲ್ಲಿ ಫ್ರೆಂಚ್ ಒಂದು ವಿಷಯ ಆಗಿ ಇದೆ, ಸಾಹಿತ್ಯದ ಎಲ್ಲಾ ಶತಮಾನಗಳೂ ಬರತ್ತೆ, ಹಾಗಾಗಿ ಬಿ.ಎ.ಲಿ ಸಾಹಿತ್ಯದ ಪೇಪರ್ ತಪ್ಪಿಸಿ ಬಿಸಿನೆಸ್ ಫ್ರೆಂಚ್ ಕಡೆ ಹೋದೋರಿಗೆ ಇಲ್ಲಿ ಕಷ್ಟ. ಸ್ಕೂಲಲ್ಲಿ ಕಲಿಸೋದಾದ್ರೆ ಡಿಗ್ರಿ ಜೊತೆ ಬಿ.ಎಡ್. ಕೇಳ್ತಾರೆ, ಬೆಂಗಳೂರಿನ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳಲ್ಲಿ ಬೇಡಿಕೆ ಇದೆ, ಶಿವಮೊಗ್ಗದಲ್ಲಿ ಕೂತು ಹುಡುಕಿದ್ರೆ ಸಿಗೋದು ಕಷ್ಟ, ಅದನ್ನ ಅಪ್ಪಂಗೆ ಈಗಲೇ ಹೇಳಿಡಿ.

ಅಪ್ಪನ ಪ್ರಶ್ನೆ ಸುಮ್ನೆ ತಳ್ಳಿ ಹಾಕೋದಲ್ಲ. ಬರೀ ಡಿಗ್ರಿ ಪತ್ರ ಇಟ್ಕೊಂಡು ಹೋದ್ರೆ ನಿಜವಾಗ್ಲೂ ಕಷ್ಟ ಆಗತ್ತೆ, ಡಿಗ್ರಿ ಜೊತೆ ಡೆಲ್ಫ್ ಆದ ಮೇಲಿನ ಪರೀಕ್ಷೆ ಡಾಲ್ಫ್ ಸಿ1 ಇದ್ರೆ ಅನುವಾದ, ಕಂಪನಿ, ಶಾಲೆ ಮೂರೂ ಕಡೆ ಮಾತಾಡ್ಸ್ತಾರೆ. ಮೂರನೇ ವರ್ಷದ ಫೀಸ್ ಕೇಳುವಾಗ ಸಿ1 ಪರೀಕ್ಷೆ ಫೀಸೂ ಸೇರಿಸಿ ಕೇಳಿ.